ರೇಂಜ್ ಇಲ್ಲದವರ ಒಪ್ಪಿಗೆ

ನಮ್ಮ ಬಸ್ಸಿನ ಆ್ಯಪಿಗೆ ಯಜಮಾನರೇ ಇಲ್ಲ ಅಂತ ನಾವು ಸಿಕ್ಕಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ್ಯಪು ಪುಕ್ಕಟೆ, ಅದರ ಕೋಡೂ ಬಯಲಲ್ಲೇ ಬಿದ್ದಿದೆ. ಯಾರು ಬೇಕಾದರೂ ತಗೊಂಡು ತಿದ್ದಿಕೊಳ್ಳಬಹುದು. ಇಲ್ಲೀತನಕ ತಿದ್ದಿದವರು ಮಾತ್ರ ನಾವೇ ನಾಲ್ಕು ಮಂದಿ.

ದಾಂಡೇಲಿಯ ಗ್ಯಾರೇಜಿನ ಭಾಯ್ ಹಗಲೆಲ್ಲ ಬೈಕ್ ಬಿಚ್ಚುತ್ತಾರೆ, ಸಂಜೆ ಕೈ ತೊಳೆದುಕೊಂಡು ಕೋಡ್ ಬಿಚ್ಚುತ್ತಾರೆ. ಇದನ್ನು ಶುರು ಮಾಡಿದವರೂ ಅವರೇ. ಮುಂಡಗೋಡದ ಅಕ್ಕ ತಮ್ಮ ಕಿರಾಣಿ ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಕ್ಕಿಯೊಳಗಿನ ಕಲ್ಲಿನ ಹಾಗೆ ನಮ್ಮ ತಪ್ಪುಗಳನ್ನು ಹೆಕ್ಕುತ್ತಾರೆ. ಕುಂಬಾರವಾಡದ ಮಾಸ್ತರರು ಜೋಯಿಡಾ ಕಡೆಯ ಬಸ್ಸುಗಳ ವೇಳೆ ಕಳಿಸುತ್ತಾರೆ. ಹಳಿಯಾಳದ ನಾನು ಏನು ಮಾಡುತ್ತೇನೆ ಅನ್ನುವುದರ ಬಗ್ಗೆ ತಂಡದಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ನನ್ನ ಪ್ರಕಾರ ಪರದೆಯ ಬಣ್ಣ, ಚಿತ್ರ, ಅಕ್ಷರ. ಅಕ್ಕನ ಪ್ರಕಾರ ಮಂಗ್ಯಾನಾಟ.

ಅಕ್ಕನ ಮಾತಿನಲ್ಲೂ ಹುರುಳಿದೆ. ನಾನು ಎಲ್ಲರ ದನಿಯನ್ನೂ ಅವರ ಹಾಗೇ ತೆಗೆಯುತ್ತೇನೆ. ಭಾಯ್ ಮಾತಿಗೆ ಮೊದಲು ಗಂಟಲಿನಲ್ಲಿ ಎರಡು ಸಲ ಕಿಕ್ ಹೊಡೆಯಬೇಕು, ಆಮೇಲೇ ಗಾಡಿ ಚಾಲೂ. ಅಕ್ಕನ ಪ್ರತಿ ಮಾತಿಗೂ ಬಾಲದ ಹಾಗೆ ಒಂದು ‘ಹೌದಿಲ್ಲೋ?’ ಮಾಸ್ತರರು ಒಂದೊಂದು ಪದದ ನಂತರ ನಿಲ್ಲುತ್ತಾರೆ, ಎದುರಿಗಿರುವ ನಾವು ಬರೆದುಕೊಳ್ಳುತ್ತಿದ್ದೇವೋ ಏನೋ ಅನ್ನೋ ಹಾಗೆ. ನನ್ನ ಸ್ವಂತ ದನಿಯನ್ನು ರೆಕಾರ್ಡ್ ಮಾಡಿ ಕೇಳಿದ್ದೇನೆ. ಬಾಗಿಲ ಸಂದಿಗೆ ಸಿಕ್ಕ ಬೆಕ್ಕು. ಅದಕ್ಕೇ ಬೇರೆಯವರ ದನಿಯಲ್ಲೇ ಜಾಸ್ತಿ ಬದುಕುತ್ತೇನೆ. ಬಸ್ ಬರುವ ಹೊತ್ತಿಗೆ ಕಂಡಕ್ಟರರ ದನಿಯಲ್ಲಿ ಆ್ಯಪು ಕೂಗಬೇಕು, ಆ ದನಿ ನನ್ನದೇ ಆಗಿರಬೇಕು ಅನ್ನುವುದು ನನ್ನ ಬಹುಕಾಲದ ಸಲಹೆ.

ಯಜಮಾನರಿಲ್ಲದ ಮನೆಯಲ್ಲಿ ತೀರ್ಮಾನ ಹೇಗೆ? ಅದಕ್ಕೊಂದು ನಿಯಮ ಮಾಡಿಕೊಂಡಿದ್ದೆವು. ಹೊಸದೇನಾದರೂ ಮಾಡಬೇಕು ಅನಿಸಿದರೆ ಫೋನಿನ ಗುಂಪಿನಲ್ಲಿ ಹಾಕುವುದು. ಮರುದಿನದ ತನಕ ಯಾರೂ ‘ಬ್ಯಾಡ’ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಕೈ ಎತ್ತುವುದಿಲ್ಲ, ಎಣಿಸುವುದಿಲ್ಲ. ಜಗಳವಿಲ್ಲದ ನಿಯಮ ಅಂತ ನಾವೇ ಬೆನ್ನು ಚಪ್ಪರಿಸಿಕೊಂಡಿದ್ದೆವು. (ನನ್ನ ಕಂಡಕ್ಟರ್ ದನಿಗೆ ಮಾತ್ರ ಪ್ರತಿ ಸಲವೂ ಯಾರಾದರೊಬ್ಬರು ಎಚ್ಚರವಾಗಿದ್ದು ‘ಬ್ಯಾಡ’ ಅನ್ನುತ್ತಿದ್ದರು.)

ಈ ಮಳೆಗಾಲ ಮುಗಿಯುವ ಹೊತ್ತಿಗೆ ಭಾಯ್ ಒಂದು ನಕ್ಷೆ ತಯಾರಿಸಿದರು. ಬಸ್ ಎಲ್ಲಿದೆ ಅಂತ ಅದರಲ್ಲಿ ಚುಕ್ಕೆ ಓಡುತ್ತದೆ. ನೋಡಿದರೆ ನೋಡುತ್ತಲೇ ಇರಬೇಕು, ಹಾಗಿತ್ತು. ‘ಇದನ್ನ ಹಾಕಿ ಹಳೇ ವೇಳಾಪಟ್ಟಿ ಪುಟ ತೆಗದ್ ಬಿಡೂಣು. ಎರಡೆರಡು ರಿಪೇರಿ ನನ್ನ ಕೈಲಿಂದ ಆಗಂಗಿಲ್ಲ’ ಅಂತ ಗುಂಪಿನಲ್ಲಿ ಹಾಕಿದರು. ಅಕ್ಕ ಸುಮ್ಮನಿದ್ದರು. ನಾನು ಸುಮ್ಮನಿದ್ದೆ. ಮಾಸ್ತರರೂ ಸುಮ್ಮನಿದ್ದರು. ಆಯಿತಲ್ಲ! ಭಾನುವಾರ ಭಾಯ್ ಗ್ಯಾರೇಜಿನಲ್ಲಿ ಕೂತು ಹೊಸ ಆ್ಯಪು ಬಿಡುವುದು ಅಂತ ಗಟ್ಟಿಯಾಯಿತು.

ಭಾನುವಾರ ಗ್ಯಾರೇಜಿಗೆ ರಜೆ. ಬಿಚ್ಚಿಟ್ಟ ಜೀಪಿನ ಸೀಟಿನ ಮೇಲೆ ಅಕ್ಕ, ಹಳೇ ಟೈರಿನ ಮೇಲೆ ನಾನು, ನಡುವೆ ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ. ಭಾಯ್ ಇನ್ನೇನು ಗುಂಡಿ ಒತ್ತಬೇಕು, ಮಾಸ್ತರರು ಬಂದರು. ಬರುತ್ತೇನೆ ಅಂತ ಹೇಳಿರಲಿಲ್ಲ. ಅಂಗಳದಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಒಂದು ಬೈಕಿನ ಹ್ಯಾಂಡಲಿಗೆ ಕೊಡೆ ಸಿಕ್ಕಿಸಿ ಒಳಗೆ ಬಂದು, ನಿಂತೇ ಹೇಳಿದರು.

“ಹಳೆಯ ಪುಟ... ತೆಗೆಯಬಾರದು.”

ಭಾಯ್ ಗಂಟಲಿಗೆ ಎರಡು ಕಿಕ್ ಹೊಡೆದರು. “ಮಾಸ್ತರ್, ಗುಂಪಿನ್ಯಾಗ ಹಾಕಿದ್ನಲ್ಲಾ. ಆವಾಗ ಯಾಕ ಬ್ಯಾಡ ಅನ್ಲಿಲ್ರಿ?”

“ಬೇಡ ಅನ್ನಲು... ರೇಂಜ್ ಬೇಕಲ್ಲ? ನಿಮ್ಮ ಮೆಸೇಜು... ನಾನು ನಿನ್ನೆ ಜೋಯಿಡಾಕ್ಕೆ ಬಂದಾಗ... ಬಂತು.”

ನಾವು ಮೂವರೂ ಗಿರ್ಮಿಟ್ ನೋಡಿದೆವು.

ಹಳೇ ಪುಟ ನೆಟ್‌ವರ್ಕ್ ಇಲ್ಲದೆಯೂ ತೆರೆಯುತ್ತಿತ್ತು. ನಕ್ಷೆ ತೆರೆಯುವುದಿಲ್ಲ. ಮಾಸ್ತರರ ಊರಿನವರು ಬಸ್ ನೋಡಿಕೊಳ್ಳುವುದು ಆ ಪುಟದಲ್ಲೇ. ಅಲ್ಲಿ ಒಂದು ಬಸ್ ತಪ್ಪಿತೆಂದರೆ ಇನ್ನೊಂದು ಹಿಂದೆಯೇ ಬರುವುದಿಲ್ಲ. ಆಸ್ಪತ್ರೆ, ಸಂತೆ, ಕಚೇರಿ ಎಲ್ಲ ಮರುದಿನಕ್ಕೆ. ಹೊಸ ಆ್ಯಪು ಅವರಿಗೆ ಕೊಡುವುದು ತಿರುಗುವ ಒಂದು ಚಕ್ರ ಮಾತ್ರ.

“ಖರೇ ಐತ್ರಿ,” ಅಂದರು ಭಾಯ್. “ಆದ್ರ ನಿಯಮ ನಿಯಮಾನ. ಒಮ್ಮೆ ಮುರದ್ರ ನಾಳೆ ಪ್ರತಿಯೊಂದಕ್ಕೂ ಮುರಿಬೇಕಾಕ್ಕತಿ.”

“ಹಾಗಾದರೆ... ಹಳೆಯ ಕೋಡ್ ತೆಗೆದುಕೊಂಡು ನಾನು... ಬೇರೆ ಮಾಡುತ್ತೇನೆ. ಜೋಯಿಡಾಕ್ಕೇ ಒಂದು ಆ್ಯಪು.”

ಅವರಿಗೆ ಆ ಹಕ್ಕಿತ್ತು. ಆದರೆ ನಾಲ್ಕು ಮಂದಿಯ ಮನೆಯಲ್ಲಿ ಒಬ್ಬರು ಬೇರೆ ಒಲೆ ಹೂಡಿದರೆ ಎರಡೂ ಕಡೆ ಬೇಯುವುದು ಕಷ್ಟ. “ಬ್ಯಾರೆ ಯಾಕ್ರಿ ಮಾಸ್ತರ್? ಕುಂತು ಮಾತಾಡೂಣು, ಹೌದಿಲ್ಲೋ?” ಅಂದರು ಅಕ್ಕ. ಮಾಸ್ತರರು ಕೂರಲಿಲ್ಲ.

ನನಗೆ ಗಂಭೀರ ಸನ್ನಿವೇಶದಲ್ಲಿ ಬಾಯಿ ತಡೆಯುವುದಿಲ್ಲ. ಅಂಗಳಕ್ಕೆ ಕೈ ತೋರಿಸಿ ಕೇಳಿದೆ: “ಭಾಯ್, ಗೋಣಿಚೀಲ ಹೊದ್ದ ಗಾಡಿ ಯಾರದ?”

“ಜೋಯಿಡಾದ ಒಬ್ರದು. ಇಂಜಿನ್ ಬಿಚ್ಚಬೇಕು. ಕೇಳೂಣು ಅಂದ್ರ ಫೋನ್ ಹತ್ತವಲ್ದು.”

“ಸುಮ್ನ ಅದಾರಂದ್ರ ಒಪ್ಪಿದಂಗ ಅಲ್ಲೇನ್ರಿ? ಬಿಚ್ರಿ ಮತ್ತ.”

“ಏ, ಹೆಂಗ ಬಿಚ್ಚಾಕ ಬರ್ತೈತಿ—” ಅಂತ ಶುರು ಮಾಡಿದವರು ಅಲ್ಲೇ ನಿಂತರು. ಉಳಿದದ್ದನ್ನು ನಾನೇ, ಎರಡು ಕಿಕ್ ಹೊಡೆದು, ಅವರ ದನಿಯಲ್ಲೇ ಮುಗಿಸಿದೆ. ದಿನಾ ಗಿರಾಕಿಗಳಿಗೆ ಅವರು ಹೇಳುವ ಮಾತೇ ಅದು: “ಮಾಲಕ ಹೂಂ ಅನ್ನೂತನಕ ಒಂದ ಬೋಲ್ಟೂ ಮುಟ್ಟಂಗಿಲ್ಲ ನಾ!”

ಅಕ್ಕ ನಕ್ಕಿದ್ದಕ್ಕೆ ಗಿರ್ಮಿಟ್ ಜೀಪಿನ ಸೀಟಿಗೆಲ್ಲ ಚೆಲ್ಲಿತು. ಭಾಯ್ ನನ್ನತ್ತ ಬೀಸಿದ ಒರೆಸುವ ಅರಿವೆ ಮುಖಕ್ಕೇ ಬಡಿಯಿತು. ಆಯಿಲ್ ಕಲೆ ಇನ್ನೂ ಅಂಗಿಯ ಮೇಲಿದೆ. ಆಮೇಲೆ ಅವರೇ ಮಾಸ್ತರರಿಗೆ ಸ್ಟೂಲು ಎಳೆದರು.

“ಕುಂದರ್ರಿ ಮಾಸ್ತರ್. ಇನ್ನಮ್ಯಾಲೆ ಯಾವ ತಾಲೂಕಿಂದು ತಗೀಬೇಕಾದ್ರೂ ಅಲ್ಲಿಯವರು ಬಾಯಿಬಿಟ್ಟು ಹೂಂ ಅನ್ಬೇಕು. ತಡಾ ಆದ್ರ ಆಗ್ಲಿ. ಹಳೇ ಪುಟ ಇರತೈತಿ. ಅದರ ರಿಪೇರಿ ಮಾತ್ರ...” ಅವರ ಕಣ್ಣು ನನ್ನ ಮೇಲೆ ಬಿತ್ತು. “ತಮ್ಮಾ, ಭಾಳ ಮಾತಾಡ್ತಿದ್ದೆಲಾ. ನೀ ನೋಡ್ಕೋ.”

“ಹೌದಿಲ್ಲೋ?” ಅಂದರು ಅಕ್ಕ. ಅವರ ದನಿಯನ್ನು ಅವರೇ ತೆಗೆದರೆ ನಾನು ಎಲ್ಲಿಗೆ ಹೋಗಬೇಕು?

ಸಂಜೆ ಮಾಸ್ತರರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆವು. ಅವರ ಹಳೇ ಪುಟದ ಪ್ರಕಾರ ಬಸ್ ಬಂದಿರಬೇಕಿತ್ತು, ಬಂದಿರಲಿಲ್ಲ. ಬೇಸರ ಕಳೆಯಲು ನಾನು ಕಂಡಕ್ಟರರ ಗಂಟಲಿನಲ್ಲಿ “ಜೋಯಿಡಾ, ಕುಂಬಾರವಾಡಾ, ಬರ್ರಿ ಬರ್ರಿ!” ಅಂತ ಕೂಗಿದೆ. ಕಲ್ಲುಬೆಂಚಿನ ಮೇಲಿದ್ದ ಇಬ್ಬರು ಅಜ್ಜಿಯರು ಚೀಲ ಎತ್ತಿಕೊಂಡು ಓಡಿ ಬಂದರು. ಬಸ್ ಕಾಣದೆ ನನ್ನನ್ನು ನೋಡಿ, ಕೊಂಕಣಿಯಲ್ಲಿ ಒಂದಿಷ್ಟು ಹೇಳಿದರು. ನನಗೆ ಅರ್ಥವಾಗಲಿಲ್ಲ, ಮಾಸ್ತರರು ಅನುವಾದಿಸಲೂ ಇಲ್ಲ.

ಮಾಸ್ತರರು ಫೋನ್ ತೆಗೆದು ರೇಂಜ್ ನೋಡಿಕೊಂಡರು. ಪೂರ್ತಿ ಇತ್ತು. ಒಂದೇ ಬೆರಳಿನಿಂದ, ಅಕ್ಷರ ಅಕ್ಷರ ಒತ್ತಿ ಏನೋ ಟೈಪಿಸಿದರು. ಪಕ್ಕದಲ್ಲೇ ನಿಂತಿದ್ದ ನಮ್ಮ ಮೂವರ ಫೋನುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು.

‘ಕಂಡಕ್ಟರ್ ದನಿಗೆ ನನ್ನ ಅಡ್ಡಿ ಇದೆ.’