ಬಿಳಿ ಕಾಗದದ ಕಾಲುವೆ

ಕಾಸಾರಶಿರಸಿಯಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಣ್ಣನ ಜೊತೆ ಕೂತ ಹೆಣ್ಣುಮಗಳು ಮೊದಲ ಸಲ ಗಂಡನಿರುವ ಶಹರಕ್ಕೆ ಹೊರಟಿದ್ದಳು. ಅಂಜಿ ಆಗಲೇ ಒಂದು ಬಸ್ಸು ಬಿಟ್ಟಿದ್ದಳು. ಗಂಡ ಕಳಿಸಿದ ಪೆನ್ಸಿಲ್ ಚಿತ್ರವನ್ನು ನನ್ನ ಮುಂದೆ ಹಿಡಿದಳು.

"ಮನಿ ಮುಂದ ಕಾಲುವಿ ಅದ ಅಂತ ಬರದಾರ್ರೀ. ನೀರ ಎಲ್ಲದ?"

ಚಿತ್ರದಲ್ಲಿ ದಂಡೆಯ ಕಲ್ಲುಗಳು ಬೆರಳಿಗೆ ತರಿತರಿ ತಾಗುವಂತಿದ್ದವು. ಎರಡು ಗೆರೆಗಳು ದೂರದ ಸೇತುವೆಯತ್ತ ಓಡಿದ್ದವು. ನಡುವೆ ಬರೀ ಬಿಳಿ ಕಾಗದ.

"ನೀರು ಬರೆದಿಲ್ಲವ್ವ" ಎಂದೆ, ಡ್ರಾಯಿಂಗ್ ಮಾಸ್ತರನಾದ ನಾನು.

ಆಕೆ ಬಹಳ ಹೊತ್ತು ನೋಡಿದಳು. ಬೆರಳು ಸೇತುವೆಯ ಕೆಳಗೆ ನಿಂತಿತು.

"ಇಲ್ಲಿ ಕಮಾನು ಉಲ್ಟಾ ಕಾಣ್ತದ ನೋಡ್ರಿ. ನಮ್ಮ ಬಾವ್ಯಾಗ ಬೇವಿನ ಗಿಡ ಹಿಂಗೇ ಕಾಣ್ತದ. ಈ ಬಿಳೀದೆಲ್ಲಾ ನೀರೇ."

ನನ್ನ ಕಣ್ಣೆದುರೇ ಕಾಗದ ತುಂಬಿಕೊಂಡಿತು. ಅಷ್ಟರಲ್ಲಿ ಬಸ್ಸು ಬಂತು.

"ನಡಿ ಅಣ್ಣಾ, ಹೋಗಮು" ಎಂದು ಅವಳೇ ಮೊದಲು ಎದ್ದಳು.