ಹನ್ನೊಂದನೆಯ ಕಾಗದ

ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಹೊರಟೆ. ಮಾಗಿಯ ಚಳಿ. ಸವಳಂಗದಲ್ಲಿ ಬಸ್ಸೂ ನೀರು ಕುಡಿಯಿತು, ನಾವೂ ಚಹಾ ಕುಡಿದೆವು. ಶಿಕಾರಿಪುರ ಮೂವತ್ತು ಮೈಲಿಗೆ ಸ್ವಲ್ಪ ಮೇಲೆ. ತಲುಪಲು ಮೂರು ತಾಸು ಹಿಡಿಯಿತು.

ಹಿಂದಿನ ವರ್ಷ ತೀರಿಕೊಂಡ ಕಾದಂಬರಿಕಾರ ಮಹಾಲಿಂಗಪ್ಪನವರ ಖಾಸಗಿ ಕಾಗದಗಳನ್ನು ಒಂದೆಡೆ ಸೇರಿಸಬೇಕೆಂದು ನಮ್ಮ ಕಾಲೇಜಿನ ಗ್ರಂಥಾಲಯದವರು ನಿಶ್ಚಯಿಸಿದ್ದರು. ಊರೂರು ತಿರುಗಿ ಕೇಳಿ ತರುವುದು, ಸಂಖ್ಯೆ ಹಾಕಿ ಪಟ್ಟಿ ಮಾಡುವುದು ಗುಮಾಸ್ತನಾದ ನನ್ನ ಕೆಲಸ. ಈ ಸಲ ಎರಡು ವಿಳಾಸಗಳಿದ್ದವು: ಶಿಕಾರಿಪುರದಲ್ಲಿ ಅವರ ಬಾಲ್ಯದ ಗೆಳೆಯ, ಸೊರಬದ ಆಚೆ ಹೊಸಬಾಳೆಯಲ್ಲಿ ಅವರ ಅಕ್ಕ.

ಗೆಳೆಯ ಶಿವಲಿಂಗಪ್ಪನವರದು ದವಸದ ಅಂಗಡಿ. ಕೂರಿಸಿ ಮಂಡಕ್ಕಿ ತರಿಸಿದರು. ನಾನು ಹುಡುಕಿಕೊಂಡು ಬಂದ ಕಾಗದಗಳು ಅವರ ತಲೆಯ ಮೇಲೆಯೇ, ವ್ಯಾಪಾರದ ಚೀಟಿಗಳ ಜೊತೆ ಒಂದೇ ಕೊಕ್ಕೆ ತಂತಿಗೆ ಚುಚ್ಚಿಕೊಂಡು ತೂಗುತ್ತಿದ್ದವು. ಒಟ್ಟು ಹದಿನೆಂಟು. ಹದಿನೆಂಟಕ್ಕೂ ನಟ್ಟನಡುವೆ ತೂತು. ಪಟ್ಟಿ ಮಾಡುವವನಿಗೆ ಹೊಟ್ಟೆ ಉರಿಯುವ ದೃಶ್ಯ.

ಹನ್ನೊಂದನೆಯದರಲ್ಲಿ ಮಹಾಲಿಂಗಪ್ಪನವರ ಹೆಂಡತಿ ತೀರಿಕೊಂಡ ವಿಷಯವಿತ್ತು. ಸಾವಿನ ಸುದ್ದಿಯ ಕಾಗದವನ್ನು ಈ ಕಡೆಯವರು ಮನೆಯೊಳಗೆ ಒಯ್ಯುವುದಿಲ್ಲ. ಹೊರಗೇ ಓದಿ, ಅಲ್ಲೇ ಹರಿದು ಹಾಕುತ್ತಾರೆ. ಇದು ಹೇಗೆ ಉಳಿಯಿತೆಂದು ಕೇಳಿದೆ.

“ಅಂಗಡ್ಯಾಗೆ ಓದಿದ್ದು ರೀ. ಮನೀಗೆ ಒಯ್ಯಲೇ ಇಲ್ಲ. ಇನ್ನು ಹರಿಯೋದ್ಯಾಕೆ?” ಎಂದರು ಶಿವಲಿಂಗಪ್ಪ.

ಆ ಕಾಗದದ ಕೊನೆಯಲ್ಲಿ ಹೀಗಿತ್ತು: ‘ಅಕ್ಕನಿಗೆ ನಾಲ್ಕು ಹಾಳೆ ಬರೆದೆ. ಒಂದು ತಿಂಗಳ ಮಟ್ಟಿಗೆ ಬಂದಿರು, ಈ ಮನೆಯಲ್ಲಿ ಒಬ್ಬನೇ ಇರಲಾರೆ ಎಂದು ಬೇಡಿಕೊಂಡೆ. ಎರಡು ಸಾಲಿನ ಕಾರ್ಡು ಬಂತು. ಇನ್ನು ಯಾರನ್ನೂ ಕರೆಯುವುದಿಲ್ಲ.’ ನಾನು ಮುಖವನ್ನೇ ನೋಡಿರದ ಆ ಅಕ್ಕನ ಮೇಲೆ ನನಗೆ ಸಿಟ್ಟು ಬಂತು.

ಮರುದಿನ ಹದಿನೆಂಟನ್ನೂ ಚೀಲಕ್ಕೆ ಹಾಕಿಕೊಂಡು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ಪಕ್ಕದಲ್ಲಿ ಕೂತವರು ಬಳ್ಳಿಗಾವಿಯಲ್ಲಿ ಇಳಿದು ಶಾಸನ ನೋಡಿಕೊಂಡು ಹೋಗಿ ಎಂದರು. ಕಲ್ಲಿನ ಬರಹ ಎಲ್ಲಿಗೂ ಹೋಗುವುದಿಲ್ಲ, ಕಾಗದದ್ದೇ ಅವಸರ ಎಂದೆ. ಸೊರಬದಲ್ಲಿ ಇಡ್ಲಿ ತಿಂದು, ಹೊಸಬಾಳೆಗೆ ನಡೆದೆ. ಗದ್ದೆಗಳಲ್ಲಿ ಭತ್ತದ ಒಕ್ಕಲು ನಡೆದಿತ್ತು.

ಅಕ್ಕ ಹಾಲಮ್ಮನವರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಬಂದ ಕೆಲಸ ಹೇಳಿದೆ. ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಮೂವತ್ತೊಂದು ಕಾಗದಗಳಿದ್ದವು, ಒಂದಕ್ಕೂ ತೂತಿಲ್ಲ. ಓದು ಬಾರದಿದ್ದರೂ ಮಡಿಕೆ ನೋಡಿಯೇ ಇದು ಯಾವಾಗಿನದು, ಅದು ಯಾವಾಗಿನದು ಎನ್ನುತ್ತಿದ್ದರು.

“ಒಂದಿಲ್ಲ, ತಮ್ಮಾ,” ಎಂದರು, ಅವರೆಕಾಯಿಯನ್ನು ಮತ್ತೆ ಮಡಿಲಿಗೆ ಹಾಕಿಕೊಳ್ಳುತ್ತಾ. “ಅವನ ಹೆಂಡ್ತಿ ಹೋದಾಗ ಬಂದಿದ್ದು. ಪೋಸ್ಟಿನವ್ರು ಅಂಗಳದಲ್ಲೇ ನಿಂತು ಮೊದಲ್ನೇ ಸಾಲು ಓದಿದ್ರು. ಒಳಗೆ ಬಾಣಂತಿ ಮಗಳು, ಹಸುಗೂಸು. ಅದರ ಗಾಳೀನೂ ಸೋಕಬಾರ್ದು ಅಂತ ಅವ್ರ ಕೈಯಿಂದ ಕಿತ್ಕಂಡು ಹರಿದು ಹಾಕ್ದೆ. ನಾಕು ಹಾಳೆ ಇತ್ತು. ಸುದ್ದಿ ಒಂದೇ ಸಾಲು. ಉಳಿದಿದ್ದೆಲ್ಲ ಏನು ಬರ್ದಿದ್ನೋ!”

“ನೀವೇನು ಉತ್ತರ ಹಾಕಿದಿರಿ, ಅಮ್ಮಾ?”

“ಯಜಮಾನ್ರ ಕೈಲಿ ಎರಡು ಸಾಲು ಸಮಾಧಾನ ಬರೆಸ್ದೆ. ಬಾಣಂತನ ಮುಗಿಸಿ ಮೈಸೂರಿಗೆ, ಅವನಿದ್ದಲ್ಲಿಗೆ ಹೋದ್ರೆ ಮನೆಗೆ ಬೀಗ. ಆಮೇಲೆ ನಂಗೆ ಕಾಗದ ಹಾಕ್ಲೇ ಇಲ್ಲ, ಸಾಯೋವರ್ಗೂ. ನೀವು ಅವನ ಕಾಗದ ಎಲ್ಲಾ ಓದೋರು. ಅದರಲ್ಲಿ ಏನಿತ್ತು ಅಂತ ಎಲ್ಲಾದ್ರೂ ಬರ್ದಿದಾನಾ?”

ಹನ್ನೊಂದನೆಯದು ನನ್ನ ಚೀಲದಲ್ಲಿತ್ತು. ಒಬ್ಬರ ಕಾಗದವನ್ನು ಇನ್ನೊಬ್ಬರಿಗೆ ಓದಿ ಹೇಳಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಇಲ್ಲವೆಂದು ಹೇಳಿದ್ದರೆ ಮಧ್ಯಾಹ್ನದ ಬಸ್ಸೂ ಸಿಗುತ್ತಿತ್ತು. ಆದರೆ ಹಿಂದಿನ ದಿನದ ಸಿಟ್ಟು ನೆನೆದು ನನಗೇ ನಾಚಿಕೆಯಾಗಿತ್ತು. ತೆಗೆದು ಓದಿದೆ.

ಹಾಲಮ್ಮನವರ ಮಡಿಲಿನ ಅವರೆಕಾಯಿ ಒಂದೊಂದಾಗಿ ಕೆಳಗೆ ಉರುಳಿದವು.

“ಒಂದು ತಿಂಗಳು ಅಂದಿದ್ನಾ?” ಎಂದರು. “ವರ್ಷ ಇರ್ತಿದ್ದೆ.”

ಕೈಚಾಚಿದರು. ಕೊಟ್ಟೆ. ಅದನ್ನು ಹಿಡಿದುಕೊಂಡು ಎದ್ದು, ಹೊಸ್ತಿಲು ದಾಟಿ ಒಳಗೆ ಹೋದರು. ಬರಿಗೈಯಲ್ಲಿ ಹಿಂದಿರುಗಿ ಮೂವತ್ತೊಂದರ ಗಂಟನ್ನು ನನ್ನ ಕಡೆ ಸರಿಸಿದರು.

“ಇವನ್ನ ತಗಂಡು ಹೋಗಿ. ಅದು ನಂಗೆ ಬರ್ದಿದ್ದಲ್ಲ, ಗೊತ್ತು. ಆದ್ರೂ ಕೇಳ್ಬೇಡಿ.”

ಕೇಳಲಿಲ್ಲ. ಸಂಜೆಯ ಬಸ್ಸಿಗೆ ಸೊರಬ ಬಿಟ್ಟೆ. ಕಾಲೇಜಿನಲ್ಲಿ ಪಟ್ಟಿಯ ಶುದ್ಧಪ್ರತಿ ಮಾಡುವಾಗ ಶಿಕಾರಿಪುರದ ಹನ್ನೊಂದರ ಮುಂದೆ ‘ಹೊಸಬಾಳೆಯಲ್ಲಿ, ಅಕ್ಕನ ಬಳಿ’ ಎಂದು ಬರೆದೆ. ಅದನ್ನು ಯಾವಾಗ ತರುತ್ತೀರಿ ಎಂದು ಗ್ರಂಥಪಾಲಕರು ಕೇಳಿದರು.

ಹರಿದುಹೋಯಿತೆಂದು ತಿಳಿಯಿರಿ ಎಂದೆ.