ಮೀನುಕೇರಿಯ ಲಾರ್ಡ್

ಪೆರಿಗ್ರಿನ್ ಆಶ್ಕಂ ಅವರನ್ನು ನೀವು ನೋಡಿಯೇ ಇರುತ್ತೀರಿ. ಹೆಸರು ಗೊತ್ತಿರಲಾರದು, ಅದು ಯಾರಿಗೂ ಗೊತ್ತಿಲ್ಲ. ಹಳೇ ಬಂಗಲೆಯಲ್ಲಿ ಕೊಲೆ ನಡೆಯುವ ಯಾವುದೇ ಇಂಗ್ಲಿಷ್ ಸಿನಿಮಾ ತೆಗೆದುಕೊಳ್ಳಿ. ಬೆಂಕಿಗೂಡಿಗೆ ಬೆನ್ನು ಕಾಯಿಸುತ್ತ ನಿಂತು, "ಈ ಮನೆತನದಲ್ಲಿ ಇಂಥದ್ದು ಹಿಂದೆಂದೂ ನಡೆದಿರಲಿಲ್ಲ" ಎಂದು ಗಂಭೀರವಾಗಿ ನುಡಿದು, ಮುಂದಿನ ದೃಶ್ಯದಲ್ಲಿ ರತ್ನಗಂಬಳಿಯ ಮೇಲೆ ಸತ್ತು ಬಿದ್ದಿರುವ ಲಾರ್ಡ್ ಇರುತ್ತಾನಲ್ಲ, ಆತನೇ ಈತ. ಐವತ್ತು ವರ್ಷದ ವೃತ್ತಿಯಲ್ಲಿ ಡ್ಯೂಕ್ ಆದರು, ಬಿಷಪ್ ಆದರು, ನೇಣುಶಿಕ್ಷೆ ಬರೆಯುವ ನ್ಯಾಯಾಧೀಶರಾದರು. ಸಿನಿಮಾದ ಅರ್ಧದವರೆಗೆ ಬದುಕಿ ಉಳಿದದ್ದು ಮಾತ್ರ ಅಪರೂಪ.

ಹುಟ್ಟಿದ್ದು ಗ್ರಿಮ್ಸ್‌ಬಿಯ ಮೀನುಗಾರರ ಕೇರಿಯಲ್ಲಿ, ವಿಲ್ಫ್ ಸ್ಕೇಫ್ ಎಂಬ ಹೆಸರಿನಲ್ಲಿ. ಲಂಡನ್ನಿನ ನಟನಾ ಶಾಲೆಯವರು ಆ ಹೆಸರನ್ನು ಬಿಡಿಸಿದರು, ಉಚ್ಚಾರ ತಿದ್ದಲು ಹಲ್ಲಿನ ನಡುವೆ ಬಿರಡೆ ಕೊಟ್ಟು ಕೇರಿಯ ನಾಲಿಗೆಯನ್ನೂ ಬಿಡಿಸಿದರು. ಆಮೇಲೆ ಪತ್ರಿಕೆಯವರು ಯಾರಾದರೂ ತಂದೆಯ ಬಗ್ಗೆ ಕೇಳಿದರೆ, ಪೆರಿಗ್ರಿನ್ ಕಿಟಕಿಯ ಆಚೆ ದೃಷ್ಟಿ ನೆಟ್ಟು, "ಅವರದು ಹಡಗಿನ ವ್ಯವಹಾರ" ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ ಬಿಡಿ. ಅಪ್ಪ ಮೀನಿನ ಹಡಗಿನಲ್ಲಿ ಬಲೆ ಎಳೆಯುತ್ತಿದ್ದ. ವಿಲ್ಫ್‌ಗೆ ಒಂಬತ್ತು ತುಂಬಿದ ಚಳಿಗಾಲ, ಆ ಹಡಗು ಐಸ್‌ಲ್ಯಾಂಡಿನ ಹತ್ತಿರ ಮುಳುಗಿ ಹೋಯಿತು.

ಎಪ್ಪತ್ತೆಂಟನೇ ವಯಸ್ಸಿನಲ್ಲಿ, ಇನ್ನೇನು ಕೊನೆಯ ರತ್ನಗಂಬಳಿಯೂ ಸಿಗಲಾರದು ಎಂದುಕೊಳ್ಳುವಾಗ, ಅವರಿಗೆ ಕೆಲಸ ಹುಡುಕಿಕೊಡುವ ಡೆಸ್ಮಂಡ್ ಫೋನ್ ಮಾಡಿದ.

"ಪೆರಿ, ಕೂತಿದೀರಾ ನಿಂತಿದೀರಾ? ಕೂತ್ಕೊಳಿ. ನಾಯಕನ ಪಾತ್ರ!"

"ಎಷ್ಟನೇ ನಿಮಿಷಕ್ಕೆ ಸಾಯ್ತೀನಿ?"

"ಸಾಯೋದೇ ಇಲ್ಲ ಮಾರಾಯ್ರೇ! ಮಗನ ಹಡಗು ಮುಳುಗಿದ ಮೇಲೂ ದಿನಾ ದಡದಲ್ಲಿ ಕೂತು ಕಾಯೋ ಮುದುಕ. ಗ್ರಿಮ್ಸ್‌ಬಿಯೋನು. ಟ್ಯಾಮ್ಸಿನ್ ಅಂತ ಹೊಸ ನಿರ್ದೇಶಕಿ. ಗೋಡೆ ಮೇಲಿನ ಪೋಸ್ಟರಲ್ಲಿ ನಿಮ್ಮೊಬ್ಬರದೇ ಮುಖ! ಆದ್ರೆ ಒಂದು, ಅಲ್ಲಿಯೋರ ಮಾತು ಬರಬೇಕಂತೆ. ಮುಂದಿನ ವಾರ ಓದಿಸಿ ನೋಡ್ತಾಳೆ."

"ಹುಚ್ಚಪ್ಪಾ, ಅದು ನಾನು ಹುಟ್ಟಿದ ಊರು ಕಣಯ್ಯಾ!"

ಫೋನಿಟ್ಟು ಕನ್ನಡಿಯ ಮುಂದೆ ನಿಂತರು, ಬಾಯಿ ತೆರೆದರು. ಡ್ಯೂಕ್ ಹೊರಬಂದ. ಕೆಮ್ಮಿ, ಭುಜ ಕುಗ್ಗಿಸಿ, ಮತ್ತೆ ತೆರೆದರು. ಈ ಸಲ ಬಿಷಪ್ ಬಂದ. ಸಂಜೆಯವರೆಗೆ ಅವರ ಬಾಯಿಂದ ಇಡೀ ಇಂಗ್ಲೆಂಡಿನ ಕುಲೀನರು ಮೆರವಣಿಗೆ ಹೊರಟರೇ ಹೊರತು, ಮೀನುಕೇರಿಯ ನರಪಿಳ್ಳೆಯೂ ಇಣುಕಲಿಲ್ಲ. ಸಾಯುವ ಮುಂಚೆ ಒಂದೇ ಒಂದು ಸಲ ನಾಯಕನಾಗಬೇಕು, ಇನ್ನೇನೂ ಬೇಡ ಎಂಬುದು ಅವರ ಐವತ್ತು ವರ್ಷದ ಆಸೆ. ಮರುದಿನವೇ ರೈಲು ಹತ್ತಿದರು.

ಅಕ್ಕ ಮೇವಿಸ್ ಈಗಲೂ ಅದೇ ಬೀದಿಯಲ್ಲಿದ್ದಳು. ಜೀವಮಾನವೆಲ್ಲ ಹಡಗುಕಟ್ಟೆಯಲ್ಲಿ ಮೀನು ಸೀಳಿದ ಕೈ, ನಾಲಿಗೆಯೂ ಅಷ್ಟೇ ಚೂಪು.

"ಏನ್ಲಾ ವಿಲ್ಫು, ದಾರಿ ತಪ್ಪಿ ಬಂದ್ಯಾ? ಟೀವೀಲಿ ಮೊನ್ನೆ ತಾನೇ ಸತ್ತಿದ್ದೆ!"

ಬಂದ ಕಾರಣ ಹೇಳಿದರು. ಮೇವಿಸ್ ಚಹಾದ ಲೋಟ ಕೆಳಗಿಟ್ಟು, ಕೆಮ್ಮು ಹತ್ತುವಷ್ಟು ನಕ್ಕಳು.

"ಅವ್ವ ಕಲಿಸಿದ್ ಮಾತ್ನ ನನ್ ತಾವ ಪಾಠ ಹೇಳಿಸ್ಕಳಕ್ಕೆ ಬಂದವ್ನೆ! ಸರಿ ಕೂತ್ಕಳ್ಲಾ. ಅನ್ನು, 'ಗಾಳಿ ಜೋರಾಗೈತೆ, ಬಲೆ ಎಳೀರ್ಲಾ.'"

"ಗಾಳಿ ಜೋರಾಗ್ಯೈತೇ, ಬಲೆ ಎಳೆಯಿರ್ಲಾ!"

"ಥೂ! ದೊರೆಗಳು ಊಟಕ್ ಕರೆದಂಗೈತೆ. ಇನ್ನೊಂದ್ಸಲ."

ಮೂರು ದಿನ ಇದೇ ಗೋಳು. ನಾಲ್ಕನೆಯ ದಿನ ಪೆರಿಗ್ರಿನ್‌ಗೆ ಧೈರ್ಯ ಬಂತು. ಇಬ್ಬರೂ ಮೀನು-ಚಿಪ್ಸ್ ಅಂಗಡಿಗೆ ಹೋದಾಗ, ಸಾಲಿನಲ್ಲಿ ಮುಂದೆ ನುಗ್ಗಿ, ರೇಷ್ಮೆ ಕತ್ತುಪಟ್ಟಿ ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು:

"ಏನವ್ವಾ ತಾಯೀ, ಒಂದು ಹ್ಯಾಡಕ್ ಮೀನು ಕೊಡ್ತೀಯೇನವ್ವಾ? ಬಿಸೀ ಬಿಸೀದು ಐತೇನು?"

ಎಣ್ಣೆ ಬಾಂಡಲೆಯ ಮುಂದಿದ್ದ ಹುಡುಗಿಯ ಮುಖ ಕೆಂಪಾಯಿತು.

"ಯಾಕ್ ಸಾರ್, ನಮ್ಮನ್ನ ಆಡ್ಕಳಕ್ಕೆ ಬಂದಿದೀರಾ? ನಾವ್ ಮಾತಾಡೋದು ನಿಮಗ್ ತಮಾಷೆನಾ?"

"ಅಯ್ಯೋ ಇಲ್ಲಮ್ಮ, ನಾನೂ ಇದೇ ಬೀದಿ..."

"ಹೌದೌದು, ನಾನ್ ಮಹಾರಾಣಿ!" ಎಂದ ಹಿಂದಿದ್ದ ದಡಿಯ. "ಸುಮ್ಕೆ ಆಚಿಗ್ ಹೋಯ್ತೀರೋ, ನಾನೇ ಬುಟ್ಟು ಬರ್ಲೋ?"

ಪೆರಿಗ್ರಿನ್ ಅಕ್ಕನ ಕಡೆ ನೋಡಿದರು. ಒಂದು ಮಾತು, 'ಇವನು ನನ್ ತಮ್ಮ' ಎಂದರೆ ಸಾಕಿತ್ತು. ಮೇವಿಸ್ ಚೀಲ ಕಂಕುಳಿಗೆ ಒತ್ತಿಕೊಂಡು, "ಬುಡವ್ವ, ಲಂಡನ್ನಿನೋರು. ಅವರ್ಗೆ ಗೊತ್ತಾಗಕಿಲ್ಲ" ಎಂದಳು. ಹಾಗಂದು ತನಗೊಂದು ಹ್ಯಾಡಕ್ ಕಟ್ಟಿಸಿಕೊಂಡಳು.

ಲಂಡನ್ನಿನಲ್ಲಿ ಓದಿಸಿ ನೋಡುವ ದಿನ ಪೆರಿಗ್ರಿನ್ ಓದಿದರು, ಅತ್ತರು, ನೆಲದ ಮೇಲೆ ಕುಸಿದರು. ಟ್ಯಾಮ್ಸಿನ್ ಬಹಳ ಹೊತ್ತು ತುಟಿ ಕಚ್ಚಿಕೊಂಡಿದ್ದಳು. ಅದನ್ನು ಅವರು ಭಾವಪರವಶತೆ ಎಂದುಕೊಂಡರು.

"ಪೆರಿ, ಬೇಜಾರ್ ಮಾಡ್ಕೋಬೇಡಿ. ಊರಿನ ಮುದುಕನ ವೇಷ ಹಾಕಿರೋ ಜಮೀನ್ದಾರನ ಥರ ಕಾಣ್ತೀರಿ. ಆದ್ರೆ ಹಡಗಿನ ಮಾಲೀಕನ ಪಾತ್ರ ಒಂದಿದೆ. ಒಂದೇ ದೃಶ್ಯ. ಅದನ್ನ ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲಾರರು."

ಮಾನ ಇದ್ದವನು ಎದ್ದು ಬರುತ್ತಿದ್ದ. ಪೆರಿಗ್ರಿನ್ ನಟರು. "ಖಂಡಿತ ಚಿನ್ನಾ" ಎಂದು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು ಬೀದಿಗೆ ಬಂದು, ಮರೆಯಲ್ಲಿ ನಿಂತು ನಿಜವಾಗಿ ಅತ್ತರು. ಓದುವಾಗ ಅತ್ತದ್ದಕ್ಕಿಂತ ಇದು ಕಳಪೆಯಾಗಿತ್ತು. ಮುದುಕನ ಪಾತ್ರ ಪಕ್ಕದ ಹಲ್ ಪಟ್ಟಣದ ಯಾವನೋ ನಿವೃತ್ತ ಬಸ್ ಚಾಲಕನ ಪಾಲಾಯಿತು.

ಸಿನಿಮಾದ ಮೊದಲ ಪ್ರದರ್ಶನ ಗ್ರಿಮ್ಸ್‌ಬಿಯಲ್ಲೇ ಇಟ್ಟರು. ಕೇರಿಗೆ ಕೇರಿಯೇ ಬಂದಿತ್ತು. ಪೆರಿಗ್ರಿನ್ ಮಖಮಲ್ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ದೃಶ್ಯ ಬಂತು. ಮಾಲೀಕ ಬಡಮನೆಯ ಬಾಗಿಲು ತಟ್ಟುತ್ತಾನೆ. ಹೆಂಗಸು ತೆರೆಯುತ್ತಾಳೆ. ಅವನು ಹೊಸಿಲು ದಾಟುವುದಿಲ್ಲ. ಅವಳ ಮುಖ ನೋಡದೆ ಒಂದು ಕೈಯ ಗವಸು ಬೆರಳು ಬೆರಳಾಗಿ ಬಿಚ್ಚುತ್ತಾ, "ಹಡಗು ಹೋಯಿತಮ್ಮ. ಹೋದ ದಿನಕ್ಕೇ ಸಂಬಳವೂ ನಿಂತಿದೆ, ಅದು ಪದ್ಧತಿ" ಎಂದು ಹವಾಮಾನ ಹೇಳುವವನಂತೆ ಹೇಳಿ, ಗವಸು ಮತ್ತೆ ತೊಟ್ಟು ನಡೆಯುತ್ತಾನೆ.

ಜನ ಹುಯ್ಯೋ ಎಂದು ಕೂಗಿದರು. ಯಾರೋ ತೆರೆಗೆ ಚಿಪ್ಸ್ ಎಸೆದರು. ಪೆರಿಗ್ರಿನ್‌ಗೆ ಮೈ ಜುಂ ಎಂದಿತು. ಐವತ್ತು ವರ್ಷದಲ್ಲಿ ಇಂಥ ಮರ್ಯಾದೆ ಸಿಕ್ಕಿರಲಿಲ್ಲ.

ಮುಗಿದ ಮೇಲೆ ಮೇವಿಸ್ ಮೆಟ್ಟಿಲ ಬಳಿ ನಿಂತಿದ್ದಳು.

"ಹೇಗಿತ್ತು ಮೇವಿಸ್?"

"ಆ ಗವಸು ಬಿಚ್ಚೋದ್ನ ಯಾರ್ ಹೇಳ್ಕೊಟ್ರು?"

"ಯಾರೂ ಇಲ್ಲ. ಕ್ಯಾಮೆರಾ ಮುಂದೆ ನಿಂತಾಗ ತಾನಾಗೇ ಹೊಳೀತು."

"ಹೊಳೀತಂತೆ! ಅಪ್ಪನ ಸುದ್ದಿ ಹೇಳಕ್ಕೆ ಕಂಪನಿ ದೊರೆ ಬಂದಿದ್ನಲ್ಲೋ, ಅವ್ನು ಹಿಂಗೇ ಬಿಚ್ಚಿದ್ದ. ಒಂದೇ ಕೈದು. ಒಳಿಕ್ಕೂ ಬರ್ನಿಲ್ಲ. ಅವ್ವ ಬಾಗ್ಲು ಹಿಡ್ಕಂಡು ಕುಸಿದ್ಲು. ನೀನು ಅವ್ಳ ಹಿಂದೆ ನಿಂತ್ಕಂಡು, ಬಾಯ್ ಬುಟ್ಕಂಡು ಅವನ್ನೇ ನೋಡ್ತಿದ್ದೆ. ಇಷ್ಟು ವರ್ಸ ಟೀವೀಲಿ ನಿನ್ ಮಾತ್ ಕೇಳ್ದಾಗೆಲ್ಲ, ಇದ್ಯಾರ ದನಿನಪ್ಪಾ ಅಂತ ತಲೆ ಕೆರ್ಕತಿದ್ದೆ. ಅಪ್ಪಂದು ಒಂದ್ ಮಾತೂ ನಿನ್ ನಾಲಿಗೆ ಮ್ಯಾಲೆ ಉಳೀನಿಲ್ಲ. ಆ ದೊರೆದು ಪೂರ್ತಿ ಉಳ್ಕಂಡೈತೆ."

ಪೆರಿಗ್ರಿನ್ ಬಿಳಿಚಿಕೊಂಡರು. ಬಾಗಿಲಲ್ಲಿ ನಿಂತ ಆ ಉದ್ದನೆಯ ಮನುಷ್ಯ ಕಣ್ಣೆದುರು ಬಂದ. ಅಪ್ಪ ಸತ್ತ ಸುದ್ದಿ ಬಂದ ಕ್ಷಣದಲ್ಲೇ ಅಪ್ಪನನ್ನು ಬಿಟ್ಟು, ದೊಡ್ಡವನಾದರೆ ಈತನ ಹಾಗಾಗಬೇಕು ಎಂದುಕೊಂಡದ್ದೂ ನೆನಪಾಯಿತು. ನಾಚಿಕೆಯಾಯಿತು. ಅಕ್ಕನ ಕೈ ಹಿಡಿದು ಏನಾದರೂ ಹೇಳಬೇಕಿತ್ತು. ಆದರೆ ನಟ ನಟನೇ, ಏನು ಮಾಡಲಿಕ್ಕಾಗುತ್ತದೆ?

"ಹಾಗಾದ್ರೆ," ಎಂದರು ಮೆಲ್ಲಗೆ, "ಥೇಟ್ ಅವನ ಹಾಗೇ ಇತ್ತು ಅಂತೀಯಾ?"

ಮೇವಿಸ್ ಚೀಲ ಕಂಕುಳಿಗೆ ಒತ್ತಿಕೊಂಡಳು.

"ಹೂಂ ಕಣ್ಲಾ, ಥೇಟ್. ಇವತ್ತು ಮನೆ ತಾವ ಬರ್ಬ್ಯಾಡ, ಹೋಟ್ಲಲ್ಲೇ ಇರು."